ಸೀತಾಂಗೋಳಿಯ ಕ್ವಾರ್ಟರ್ಸ್‌ಗಳು: ಬಾಡಿಗೆ ಕೈಗೆ ಬರುತ್ತದೆ, ಉಳಿಯುವುದೆಷ್ಟು?

ಸೀತಾಂಗೋಳಿ: ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ಸೀತಾಂಗೋಳಿ ಪೇಟೆಯ ಹಿಂದೆ ಮುಂದೆ ಒಂದೇ ಮಾದರಿಯ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಸಾಲಾಗಿ ನಾಲ್ಕೋ ಆರೋ ಬಾಗಿಲು, ಪ್ರತಿ ಬಾಗಿಲ ಮುಂದೆ ಒಂದು ಗೇಣು ಜಗಲಿ, ಹಿಂಬದಿಯಲ್ಲಿ ನೀರಿನ ಟ್ಯಾಂಕು, ಹಗ್ಗದ ಮೇಲೆ ಒಣಗುವ ಲುಂಗಿ, ಪ್ಯಾಂಟುಗಳು. ಮಲಯಾಳವಿರಲಿ, ಕನ್ನಡವಿರಲಿ, ತುಳುವಿರಲಿ, ಈ ಭಾಗದಲ್ಲಿ ಅದಕ್ಕಿರುವ ಹೆಸರು ಒಂದೇ - ಕ್ವಾರ್ಟರ್ಸ್. ಕಟ್ಟಿಸಿದವರಲ್ಲಿ ಗಲ್ಫಿನಲ್ಲಿ ದುಡಿದವರಿದ್ದಾರೆ, ಅಡಿಕೆ ತೋಟದವರಿದ್ದಾರೆ, ನಿವೃತ್ತ ಮಾಸ್ತರರಿದ್ದಾರೆ, ಮಗಳ ಮದುವೆಗೆಂದು ಇಟ್ಟ ಹಣವನ್ನು ಮದುವೆ ತಡವಾಯಿತೆಂದು ಗೋಡೆಗೆ ಹಾಕಿದವರೂ ಇದ್ದಾರೆ. ಇವರನ್ನು ಹೂಡಿಕೆದಾರರು ಎಂದು ಕರೆದರೆ ಅವರೇ ನಕ್ಕಾರು. ಆದರೆ ಹತ್ತಿಪ್ಪತ್ತು ಲಕ್ಷ ರೂಪಾಯಿ ಹಾಕಿ ತಿಂಗಳು ತಿಂಗಳು ಹಣ ಎದುರು ನೋಡುವವನು ಹೂಡಿಕೆದಾರನಲ್ಲದೆ ಮತ್ತೇನು?

ಸೀತಾಂಗೋಳಿಗೆ ಈ ಆಸೆ ಬಂದದ್ದು ಸುಮ್ಮನೆ ಅಲ್ಲ. ಇಲ್ಲಿ ಕಿನ್ಫ್ರಾದ ಸಣ್ಣ ಕೈಗಾರಿಕಾ ಪಾರ್ಕ್ ಇದೆ. 2012ರಲ್ಲಿ ಅಂದಿನ ರಕ್ಷಣಾ ಸಚಿವ ಎ.ಕೆ.ಆಂಟನಿಯವರು ಹಿಂದೂಸ್ಥಾನ್ ಏರೋನಾಟಿಕ್ಸ್‌ನ (ಎಚ್.ಎ.ಎಲ್.) ಕಾರ್ಖಾನೆಯನ್ನು ಇಲ್ಲಿ ಉದ್ಘಾಟಿಸಿದರು. ವಿಮಾನದ ಇಲೆಕ್ಟ್ರಾನಿಕ್ ಉಪಕರಣ ತಯಾರಾಗುವ ಊರು ಎಂಬ ಹೆಸರು ಪುತ್ತಿಗೆ ಪಂಚಾಯತಿನ ಒಂದು ಮೂಲೆಗೆ ಬಂದಾಗ, ಕೆಲಸಕ್ಕೆ ಬರುವವರಿಗೆ ಇರಲು ಮನೆ ಬೇಡವೇ ಎಂದು ಜನ ಲೆಕ್ಕ ಹಾಕಿದ್ದು ಸಹಜ. ಆ ಲೆಕ್ಕದಲ್ಲಿ ಬಾಡಿಗೆ ಎಷ್ಟು ಬಂದೀತು ಎಂಬುದು ಇತ್ತು. ಅದರಲ್ಲಿ ಎಷ್ಟು ಉಳಿದೀತು ಎಂಬುದು ಹೆಚ್ಚಿನವರ ಲೆಕ್ಕದಲ್ಲಿ ಈಗಲೂ ಇಲ್ಲ.

ಇದಕ್ಕೆ ಒಂದು ಸುಲಭದ ಅಳತೆಗೋಲನ್ನು ಸರಕಾರವೇ ಕೊಟ್ಟಿದೆ ಎಂಬುದು ಗಮನಾರ್ಹ. ಆದಾಯ ತೆರಿಗೆ ಕಾನೂನಿನಲ್ಲಿ ಮನೆ ಬಾಡಿಗೆಯ ಲೆಕ್ಕ ಹಾಕುವಾಗ ಪಂಚಾಯತಿಗೆ ಕಟ್ಟಿದ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ ಮೂವತ್ತನ್ನು ಕಣ್ಣು ಮುಚ್ಚಿ ಬಿಟ್ಟುಬಿಡುತ್ತಾರೆ. ಬಿಲ್ಲು ಕೇಳುವುದಿಲ್ಲ, ಸುಣ್ಣ ಬಳಿದಿರಾ, ಪೈಪು ಬದಲಿಸಿದಿರಾ ಎಂದು ವಿಚಾರಿಸುವುದಿಲ್ಲ. ಕಟ್ಟಡವನ್ನು ಬಾಡಿಗೆಗೆ ಕೊಟ್ಟವನಿಗೆ ಅಷ್ಟು ಖರ್ಚು ಇದ್ದೇ ಇರುತ್ತದೆ ಎಂಬುದು ಕಾನೂನಿನ ತಿಳುವಳಿಕೆ. ಒಂದು ಪೈಸೆ ಬಿಡಲೂ ಹಿಂದೆ ಮುಂದೆ ನೋಡುವ ಇಲಾಖೆಯೇ ಮೂವತ್ತು ಬಿಟ್ಟಿರುವಾಗ ನಮ್ಮ ಮಾಲಕರು ನೂರಕ್ಕೆ ನೂರನ್ನೂ ಆದಾಯವೆಂದೇ ನಂಬಿ ಕೆ.ಎಸ್.ಎಫ್.ಇ. ಚಿಟ್ಟಿಗೋ ಬ್ಯಾಂಕಿನ ಕಂತಿಗೋ ಬರೆದುಕೊಟ್ಟು ಬರುತ್ತಾರೆ. ಎಡವಟ್ಟು ಶುರುವಾಗುವುದು ಇಲ್ಲಿಂದ.

ಕೈಗೆ ಬರುವುದು, ಕೈಯಲ್ಲಿ ಉಳಿಯುವುದು

ಒಂದು ಉದಾಹರಣೆ ನೋಡೋಣ. ಇದು ಯಾರದೇ ಮನೆಯ ಲೆಕ್ಕ ಅಲ್ಲ, ಎಣಿಕೆಗೆ ಸುಲಭವಾಗಲೆಂದು ಹಾಕಿದ ಅಂಕಿಗಳು. ಓದುಗರು ತಮ್ಮ ಅಂಕಿಗಳನ್ನು ಇದೇ ಜಾಗದಲ್ಲಿ ಇಟ್ಟು ನೋಡಬಹುದು.

ನಾಲ್ಕು ಬಾಗಿಲಿನ ಕ್ವಾರ್ಟರ್ಸ್. ಕಟ್ಟಲು 28 ಲಕ್ಷ ರೂ. ತಗಲಿತು, ಜಾಗದ ಬೆಲೆ 5 ಲಕ್ಷ ಎಂದಿಟ್ಟುಕೊಳ್ಳಿ. ಒಂದೊಂದು ಬಾಗಿಲಿಗೆ ತಿಂಗಳಿಗೆ 5,000 ರೂ. ಬಾಡಿಗೆ. ತಿಂಗಳಿಗೆ 20,000, ವರ್ಷಕ್ಕೆ 2,40,000. ಬಾಯಲ್ಲಿ ಹೇಳುವ ಲೆಕ್ಕ ಇಲ್ಲಿಗೆ ಮುಗಿಯುತ್ತದೆ.

ಈಗ ಕಳೆಯುತ್ತಾ ಹೋಗೋಣ. ಒಬ್ಬ ಬಿಟ್ಟು ಇನ್ನೊಬ್ಬ ಬರುವ ನಡುವೆ ಪ್ರತಿ ಬಾಗಿಲೂ ವರ್ಷಕ್ಕೆ ಸರಾಸರಿ ಒಂದೂವರೆ ತಿಂಗಳು ಖಾಲಿ ಬಿದ್ದರೆ 30,000 ಹೋಯಿತು. ಉಳಿದದ್ದು 2,10,000. ದುರಸ್ತಿಗೆಂದು ಕಟ್ಟಡದ ಬೆಲೆಯ ನೂರಕ್ಕೆ ಒಂದರಂತೆ 28,000. ಇದು ಪ್ರತಿ ವರ್ಷವೂ ಖರ್ಚಾಗುವುದಿಲ್ಲ ನಿಜ, ಆದರೆ ಐದನೇ ವರ್ಷ ಒಟ್ಟಿಗೆ ಬಂದು ನಿಲ್ಲುತ್ತದೆ. ಪಂಚಾಯತು ತೆರಿಗೆ 4,000, ನೀರಿನ ಪಂಪಿನ ಕರೆಂಟು ಮತ್ತು ರಿಪೇರಿ 8,000, ನೋಡಿಕೊಳ್ಳುವವನಿಗೆ, ಬ್ರೋಕರಿಗೆ, ಶುಚಿ ಮಾಡುವವರಿಗೆಂದು 10,000. ಎಲ್ಲ ಕಳೆದರೆ ಉಳಿಯುವುದು 1,60,000 ರೂ. ಹಾಕಿದ 33 ಲಕ್ಷಕ್ಕೆ ಇದು ನೂರಕ್ಕೆ ಐದೂ ತುಂಬುವುದಿಲ್ಲ. ಅದೇ ಹಣವನ್ನು ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟವನಿಗೆ ಆರರ ಆಸುಪಾಸು ಬಡ್ಡಿ ಬರುತ್ತದೆ, ಆತ ಮಳೆಗಾಲದಲ್ಲಿ ತಾರಸಿ ಹತ್ತುವುದೂ ಇಲ್ಲ.

ಸ್ವಂತ ಹಣವಾದರೆ ಇದನ್ನು ಸಹಿಸಬಹುದು. ಜಾಗದ ಬೆಲೆ ಏರುತ್ತದೆ, ಬಾಡಿಗೆಯೂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರುತ್ತದೆ, ಡಿಪಾಸಿಟ್ಟಿನ ಹಣ ಏರುವುದಿಲ್ಲ. ಆ ವಾದದಲ್ಲಿ ಹುರುಳಿದೆ. ಆದರೆ ಸಾಲ ಮಾಡಿ ಕಟ್ಟಿದವನ ಕತೆ ಬೇರೆ. 15 ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಲ್ಲಿ 15 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 15,214 ರೂ. ಬಾಡಿಗೆ 20,000, ಕಂತು 15,214, ಇನ್ನೂ 4,786 ರೂ. ಕೈಯಲ್ಲಿ ಉಳಿಯಿತಲ್ಲ ಎಂದು ಮಾಲಕ ಸಮಾಧಾನ ಪಡುತ್ತಾನೆ. ವರ್ಷದ ಲೆಕ್ಕ ಹಾಗೆ ಹೇಳುವುದಿಲ್ಲ. ಕಂತಿನ ಮೊತ್ತ ವರ್ಷಕ್ಕೆ 1,82,568. ನಿಜವಾಗಿ ಉಳಿದ ಬಾಡಿಗೆ 1,60,000. ಅಂದರೆ ವರ್ಷಕ್ಕೆ 22,500 ರೂಪಾಯಿಯನ್ನು ಅಡಿಕೆಯಿಂದಲೋ ಸಂಬಳದಿಂದಲೋ ತಂದು ಕ್ವಾರ್ಟರ್ಸಿಗೆ ಹಾಕಬೇಕು. ಮೊದಲ ಎರಡು ಮೂರು ವರ್ಷ ಕಟ್ಟಡ ಹೊಸತಾದುದರಿಂದ ದುರಸ್ತಿ ಬರುವುದಿಲ್ಲ, ಕೊರತೆ ಕಾಣುವುದಿಲ್ಲ. ಕಾಣಿಸಿಕೊಳ್ಳುವ ಹೊತ್ತಿಗೆ ಆ ತಿಂಗಳ ನಾಲ್ಕು ಸಾವಿರ ಮನೆಖರ್ಚಿನಲ್ಲಿ ಸೇರಿ ಹೋಗಿರುತ್ತದೆ. ಊರಿನಲ್ಲಿ ಅಡಿಕೆಗೆ ಕೊಳೆರೋಗವೂ ಎಲೆಚುಕ್ಕಿ ರೋಗವೂ ಬಂದ ವರ್ಷವೇ ಕ್ವಾರ್ಟರ್ಸಿನ ಸ್ಲ್ಯಾಬ್ ಸೋರಿದರೆ ಎರಡೂ ಕಡೆಯಿಂದ ಪೆಟ್ಟು.

ಹೀಗಾಗಿ ಕಂತಿನ ಮೊತ್ತ ಬಾಡಿಗೆಯ ಅರ್ಧವನ್ನು ದಾಟಬಾರದು ಎಂಬುದು ಈ ಲೇಖನದ ಅಭಿಪ್ರಾಯ. ನೂರರಲ್ಲಿ ಮೂವತ್ತು ಕಟ್ಟಡಕ್ಕೆ, ಐವತ್ತು ಬ್ಯಾಂಕಿಗೆ, ಉಳಿದ ಇಪ್ಪತ್ತರಲ್ಲಿ ಬಾಗಿಲು ಖಾಲಿ ಬಿದ್ದ ತಿಂಗಳುಗಳು ಹೋಗಿ ಮಿಕ್ಕಿದ್ದು ಮನೆಗೆ. ಮೇಲಿನ ಉದಾಹರಣೆಯವನು 15ರ ಬದಲು 9-10 ಲಕ್ಷ ಮಾತ್ರ ಸಾಲ ಮಾಡಿದ್ದರೆ, ಇಲ್ಲವೇ ನಾಲ್ಕರ ಬದಲು ಮೊದಲು ಎರಡು ಬಾಗಿಲು ಕಟ್ಟಿದ್ದರೆ ನಿದ್ದೆ ಕೆಡುತ್ತಿರಲಿಲ್ಲ. ಈ ಮೂವತ್ತನ್ನು ಬೇರೆಯೇ ಒಂದು ಉಳಿತಾಯ ಖಾತೆಯಲ್ಲಿ ಹಾಕಿಡುವುದು ಒಳ್ಳೆಯದು. ಒಂದೇ ಖಾತೆಯಲ್ಲಿದ್ದರೆ ಹಣಕ್ಕೆ ಗುರುತು ಇರುವುದಿಲ್ಲ, ಮೊದಲು ಬಂದ ಮದುವೆಗೆ ಅದು ಹೋಗುತ್ತದೆ. ಕ್ಯಾಂಪ್ಕೊಗೆ ಅಡಿಕೆ ಹಾಕಿದ ರಸೀದಿಯನ್ನು ಹತ್ತು ವರ್ಷ ಜೋಪಾನವಾಗಿ ಇಡುವ ನಮ್ಮವರು ಕ್ವಾರ್ಟರ್ಸಿನ ಪಂಪು ಯಾವಾಗ ರಿವೈಂಡ್ ಮಾಡಿಸಿದ್ದು ಎಂದು ಕೇಳಿದರೆ ಮೇಲೆ ನೋಡುತ್ತಾರೆ.

ಕಾರ್ಖಾನೆಯನ್ನು ನಂಬಿ ಕಟ್ಟಿದವರು

ಬಾಗಿಲು ಖಾಲಿ ಬೀಳುವ ಲೆಕ್ಕವನ್ನು ಜನ ಹಗುರವಾಗಿ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಹತ್ತಿರದಲ್ಲಿ ಕಾರ್ಖಾನೆ ಇದೆ, ಆಸ್ಪತ್ರೆ ಬರುತ್ತಿದೆ, ರಸ್ತೆ ಕೆಲಸ ನಡೆಯುತ್ತಿದೆ, ಬಾಡಿಗೆಯವರು ಬರದೆ ಎಲ್ಲಿಗೆ ಹೋಗುತ್ತಾರೆ ಎಂಬ ಧೈರ್ಯ. ನಮ್ಮ ಜಿಲ್ಲೆಯ ಅನುಭವ ಆ ಧೈರ್ಯಕ್ಕೆ ಅಷ್ಟಾಗಿ ಬೆಂಬಲ ಕೊಡುವುದಿಲ್ಲ.

ಬೇದ್ರಡ್ಕದ ಕಾರ್ಖಾನೆಯನ್ನೇ ನೋಡಿ. ಕೇರಳ ಸರಕಾರದ ಕೆಲ್ ಘಟಕವಾಗಿದ್ದ ಅದನ್ನು 2011ರಲ್ಲಿ ಕೇಂದ್ರದ ಬಿ.ಎಚ್.ಇ.ಎಲ್. ವಹಿಸಿಕೊಂಡಾಗ ನವರತ್ನ ಕಂಪೆನಿಯ ಹೆಸರು ಬಂತೆಂದು ಸಂಭ್ರಮಿಸಿದರು. 2020ರ ಮಾರ್ಚಿನಲ್ಲಿ ಲಾಕ್‌ಡೌನಿಗೆಂದು ಮುಚ್ಚಿದ ಬಾಗಿಲು ಎರಡು ವರ್ಷ ತೆರೆಯಲಿಲ್ಲ. ರಾಜ್ಯ ಸರಕಾರ ಮರಳಿ ವಹಿಸಿಕೊಂಡು 2022ರ ಎಪ್ರಿಲ್ 1ರಂದು ಅದನ್ನು ಪುನಃ ಆರಂಭಿಸಿತು. ಕಾರ್ಖಾನೆ ಎರಡು ವರ್ಷ ಕಾಯಬಲ್ಲದು, ಕಂತು ಎರಡು ತಿಂಗಳು ಕಾಯುವುದಿಲ್ಲ.

ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನ ಕತೆ ಎಲ್ಲರಿಗೂ ಗೊತ್ತು. ಶಿಲಾನ್ಯಾಸ 2013ರಲ್ಲಿ. ಹೊರರೋಗಿ ವಿಭಾಗ ತೆರೆದದ್ದು 2022ರ ಜನವರಿಯಲ್ಲಿ. 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಶಿಲಾನ್ಯಾಸದ ಕಲ್ಲು ನೋಡಿ ಬದಿಯಡ್ಕ, ಪೆರ್ಲ ಭಾಗದಲ್ಲಿ ಆ ವರ್ಷವೇ ಸಾಲ ತೆಗೆದು ಬಾಡಿಗೆ ಮನೆ ಕಟ್ಟಿದವನಿದ್ದರೆ, ಮೊದಲ ವಿದ್ಯಾರ್ಥಿ ಬರುವ ಹೊತ್ತಿಗೆ ಹದಿನೈದು ವರ್ಷದ ಸಾಲದಲ್ಲಿ ಹನ್ನೆರಡು ವರ್ಷ ಮುಗಿದಿರುತ್ತದೆ. ಗಡಿನಾಡಿನಲ್ಲಿ ಘೋಷಣೆಗೂ ಬಾಡಿಗೆಗೂ ನಡುವಿನ ದೂರ ಇಷ್ಟು.

ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕಾಮಗಾರಿ ಇನ್ನೊಂದು ಬಗೆಯದು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಕೆಲಸವನ್ನು ಊರಾಳುಂಗಲ್ ಸೊಸೈಟಿ ಮಾಡಿದ ವರ್ಷಗಳಲ್ಲಿ ಹೊರಗಿನಿಂದ ಕೆಲಸಗಾರರು, ಸೂಪರ್‌ವೈಸರುಗಳು, ಡ್ರೈವರುಗಳು ಬಂದರು. ಅಂಥ ಬೇಡಿಕೆ ನಿಜ, ಆದರೆ ಅದು ಬರುವಾಗಲೇ ಹೋಗುವ ದಿನ ಗೊತ್ತುಮಾಡಿಕೊಂಡು ಬರುತ್ತದೆ. ಮೂರು ವರ್ಷದ ಕೆಲಸ ನೋಡಿ ಹದಿನೈದು ವರ್ಷದ ಸಾಲ ತೆಗೆಯುವುದು ಹೊಳೆಯಲ್ಲಿ ನೆರೆ ಬಂದದ್ದು ನೋಡಿ ಗದ್ದೆ ಮಾಡಿದ ಹಾಗೆ.

2020ರ ಮಾರ್ಚಂತೂ ಪಾಠವಾಗಿಯೇ ಉಳಿಯಬೇಕು. ಒಂದು ಕಡೆ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಿತ್ತು. ಮಂಗಳೂರಿಗೆ ಕೆಲಸಕ್ಕೆ ಹೋಗಿ ಬಂದು ಇಲ್ಲಿ ಬಾಡಿಗೆ ಕಟ್ಟುತ್ತಿದ್ದವರ ದುಡಿಮೆ ನಿಂತಿತು. ಇನ್ನೊಂದು ಕಡೆ ಅತಿಥಿ ಕಾರ್ಮಿಕರು ಕೆಲಸವಿಲ್ಲದೆ ಕೋಣೆಗಳಲ್ಲಿ ಕುಳಿತಿದ್ದರು. ಅವರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು ಎಂದು ಕೇಂದ್ರ ಗೃಹ ಇಲಾಖೆ ಮಾರ್ಚ್ 29ರಂದು ಆದೇಶಿಸಿತು. ಆದೇಶ ಸರಿಯೇ, ಹೊಟ್ಟೆಗಿಲ್ಲದವನಲ್ಲಿ ಬಾಡಿಗೆ ಕೇಳುವುದು ಯಾವ ನ್ಯಾಯ? ಮಾಲಕನ ಸಾಲಕ್ಕೂ ರಿಸರ್ವ್ ಬ್ಯಾಂಕ್ ಆರು ತಿಂಗಳು ಕಂತಿನ ವಿನಾಯಿತಿ ಕೊಟ್ಟಿತು, ಆದರೆ ಬಡ್ಡಿ ಓಡುತ್ತಲೇ ಇತ್ತು. ಆ ಸಮಯದಲ್ಲಿ ತಲೆ ಎತ್ತಿ ನಡೆದವರು ಮೂರು ತಿಂಗಳ ಕಂತಿನಷ್ಟು ಹಣ ಬದಿಗೆ ಇಟ್ಟವರು ಮಾತ್ರ. ಎಲ್ಲ ಬಾಗಿಲನ್ನೂ ಒಂದೇ ಕಂಪೆನಿಯ ಕೆಲಸಗಾರರಿಗೆ ಕೊಡದೆ, ಎರಡನ್ನು ಸಂಸಾರಸ್ಥರಿಗೆ, ಎರಡನ್ನು ಕೆಲಸಗಾರರಿಗೆ ಎಂದು ಹಂಚಿಡುವುದು ಇದೇ ಕಾರಣಕ್ಕೆ ಒಳ್ಳೆಯದು. ಸಂಸಾರಸ್ಥರು ಬಾಡಿಗೆಯಲ್ಲಿ ಚೌಕಾಸಿ ಮಾಡುತ್ತಾರೆ, ಆದರೆ ಮಕ್ಕಳು ಶಾಲೆಗೆ ಸೇರಿದ ಮೇಲೆ ನಡುವೆ ಎದ್ದು ಹೋಗುವುದಿಲ್ಲ.

ಪತ್ತನಾಜೆಯೊಳಗೆ ಆಗಬೇಕಾದ ಕೆಲಸ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಸಾವಿರ ಚದರಡಿಯ ತಾರಸಿಯ ಮೇಲೆ ವರ್ಷದಲ್ಲಿ ಮೂರು ಲಕ್ಷ ಲೀಟರಿಗೂ ಮಿಕ್ಕಿ ನೀರು ಸುರಿದು ಹೋಗುತ್ತದೆ ಎಂದರ್ಥ. ಬೆಂಗಳೂರಿನ ಬಾಡಿಗೆ ಮನೆಯ ಲೆಕ್ಕ ನಮ್ಮಲ್ಲಿ ನಡೆಯದಿರುವುದು ಈ ನೀರಿನಿಂದಾಗಿ. ನಮ್ಮ ಕಟ್ಟಡಗಳನ್ನು ತಿನ್ನುವುದು ಬಾಡಿಗೆದಾರ ಅಲ್ಲ, ಆಟಿ ತಿಂಗಳು.

ಸೋರಿಕೆ ಒಂದೇ ದಿನದಲ್ಲಿ ಬರುವುದಿಲ್ಲ. ತಾರಸಿಯ ನೀರು ಹೋಗುವ ಕಿಂಡಿಯಲ್ಲಿ ತರಗೆಲೆ ತುಂಬುತ್ತದೆ, ನೀರು ನಿಲ್ಲುತ್ತದೆ, ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಮೊದಲ ವರ್ಷ ಒಳಗಿನ ಗೋಡೆಯಲ್ಲಿ ತೇವದ ಕಲೆ, ಎರಡನೇ ವರ್ಷ ಬೂಷ್ಟು, ಮೂರನೇ ವರ್ಷ ಕಂಬಿಗೆ ತುಕ್ಕು ಹಿಡಿದು ಕಾಂಕ್ರೀಟು ಚೂರು ಚೂರಾಗಿ ಉದುರುತ್ತದೆ. ಮೊದಲ ವರ್ಷ ಒಬ್ಬ ಆಳು ಅರ್ಧ ದಿನ ಕೆಲಸ ಮಾಡಿದರೆ ಮುಗಿಯುತ್ತಿದ್ದುದು ಮೂರನೇ ವರ್ಷ ಇಡೀ ವರ್ಷದ ಬಾಡಿಗೆ ಕೇಳುತ್ತದೆ. ಆದುದರಿಂದ ಪತ್ತನಾಜೆ ಕಳೆಯುವುದರೊಳಗೆ, ಎಂದರೆ ಮೇ ನಾಲ್ಕನೇ ವಾರದೊಳಗೆ, ಮಾಲಕ ಸ್ವತಃ ಏಣಿ ಹತ್ತಿ ನೋಡಬೇಕು. ತಾರಸಿ ಗುಡಿಸಿ, ಕಿಂಡಿ ಬಿಡಿಸಿ, ಒಂದು ಬಕೆಟು ನೀರು ಹೊಯ್ದು ಎಲ್ಲಿ ನಿಲ್ಲುತ್ತದೆ ನೋಡುವುದಕ್ಕೆ ಇಂಜಿನಿಯರ್ ಬೇಡ. ಬಣ್ಣ ಮಾತ್ರ ಆತುರದಲ್ಲಿ ಬಳಿಯಬಾರದು. ತೇವವಿರುವ ಗೋಡೆಗೆ ಮೇಲಿನಿಂದ ಬಣ್ಣ ಹೊಡೆದರೆ ಮುಂದಿನ ಬಾಡಿಗೆದಾರ ಒಪ್ಪಿ ಬರಬಹುದು, ಆದರೆ ಆಟಿಯಲ್ಲಿ ಅದು ಹಪ್ಪಳದಂತೆ ಏಳುತ್ತದೆ. ಕೆಂಪುಕಲ್ಲಿನ ಗೋಡೆಗೆ ಹೊರಗಡೆ ಗಾರೆ ಮಾಡದೆ ಬಿಟ್ಟವರು ಗಾಳಿಮಳೆ ಬಡಿಯುವ ಪಡುವಣ ಬದಿಯನ್ನಾದರೂ ಗಾರೆ ಮಾಡಿಸಿಕೊಳ್ಳಬೇಕು.

ನೀರು ಇನ್ನೊಂದು ತಲೆನೋವು. ಮಳೆಗಾಲದಲ್ಲಿ ಮುಳುಗಿಸುವ ನೀರು ಮಾರ್ಚ್ ಎಪ್ರಿಲಿನಲ್ಲಿ ಸಿಗುವುದಿಲ್ಲ. ಸೀತಾಂಗೋಳಿಯಂಥ ಮುರಕಲ್ಲಿನ ಪದವಿನಲ್ಲಿ ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರೇ ಗತಿ, ಆ ಖರ್ಚು ಯಾರದು ಎಂದು ಮೊದಲೇ ಮಾತಾಗಿರದಿದ್ದರೆ ಜಗಳ. ಮಳೆ ನೀರನ್ನು ಸೋಸಿ ಬಾವಿಗೆ ಬಿಡುವ ವ್ಯವಸ್ಥೆಗೆ ಒಮ್ಮೆ ಹಣ ಹಾಕಿದರೆ ಅದು ಒಂದೆರಡು ಬೇಸಗೆಯ ಟ್ಯಾಂಕರ್ ಬಾಡಿಗೆಯಲ್ಲಿ ಹುಟ್ಟಬಹುದು.

ಕಕ್ಕಸು ಗುಂಡಿಯ ಬಗ್ಗೆ ಬರೆಯುವುದು ಶೋಭೆಯಲ್ಲವೆಂದು ಯಾರೂ ಬರೆಯುವುದಿಲ್ಲ, ಆದರೆ ಕ್ವಾರ್ಟರ್ಸ್ ಮಾಲಕರು ಊರಿನವರ ಬೈಗಳು ತಿನ್ನುವುದು ಹೆಚ್ಚಾಗಿ ಅದರಿಂದಲೇ. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ ಕನಿಷ್ಠ ಏಳೂವರೆ ಮೀಟರ್ ದೂರವಿರಬೇಕು ಎಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಮುರಕಲ್ಲಿನಲ್ಲಿ ನೀರು ಬೇಗ ಹರಿಯುವುದರಿಂದ ಅದಕ್ಕಿಂತ ದೂರವಿದ್ದಷ್ಟೂ ಕ್ಷೇಮ. ಗಾತ್ರವೂ ಮುಖ್ಯ. ನಾಲ್ಕು ಸಂಸಾರಕ್ಕೆಂದು ತೋಡಿದ ಗುಂಡಿಗೆ ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಜನರನ್ನು ತುಂಬಿಸಿ ತಲೆಗಿಷ್ಟು ಎಂದು ಬಾಡಿಗೆ ತೆಗೆದರೆ ಅದು ಒಂದೇ ಮಳೆಗಾಲದಲ್ಲಿ ತುಂಬಿ ಮೇಲೆ ಬರುತ್ತದೆ. ತಲೆ ಲೆಕ್ಕದ ಬಾಡಿಗೆಯಲ್ಲಿ ಹಣ ಹೆಚ್ಚು ಸಿಗುವುದು ನಿಜ. ಅದೇ ವೇಗದಲ್ಲಿ ಟ್ಯಾಂಕಿನ ನೀರು, ಪಂಪು, ಬಾಗಿಲ ಚಿಲಕ, ಕಕ್ಕಸಿನ ಬಾಗಿಲು ಎಲ್ಲವೂ ಸವೆಯುವುದೂ ನಿಜ. ಹಳದಿ ಕಾಮಾಲೆ ಬಂದರೆ ಅದು ಕ್ವಾರ್ಟರ್ಸಿನ ಗೋಡೆಯೊಳಗೆ ನಿಲ್ಲುವುದಿಲ್ಲ, ಪಕ್ಕದ ಮನೆಯ ಬಾವಿಗೂ ಹೋಗುತ್ತದೆ. ಒರಿಸ್ಸಾದಿಂದ ಬಂದವನಾದರೂ ಅಸ್ಸಾಮಿನವನಾದರೂ ನಮ್ಮವರ ಬಾಯಲ್ಲಿ ಎಲ್ಲರೂ 'ಬಂಗಾಳಿ'ಗಳೇ. ಆದರೆ ಅವರೂ ಬಾಡಿಗೆ ಕೊಡುವವರು. ಗಲ್ಫಿನ ಕ್ಯಾಂಪಿನಲ್ಲಿ ಅಟ್ಟದ ಮೇಲೆ ಅಟ್ಟ ಮಂಚ ಹಾಕಿಕೊಂಡು ಮಲಗಿ ಬಂದವರು ಕಟ್ಟಿಸಿದ ಕೋಣೆಯಲ್ಲಿ ಇಷ್ಟು ಬೇಗ ಅದು ಮರೆತುಹೋಗಬಾರದಿತ್ತು.

ಮೀಟರು, ಕಸ, ಕಂದಾಯ

ನಾಲ್ಕು ಬಾಗಿಲಿಗೆ ಒಂದೇ ಕರೆಂಟ್ ಮೀಟರ್ ಇಟ್ಟು ಹಂಚಿಕೊಳ್ಳಿ ಎನ್ನುವ ಪದ್ಧತಿ ಅನೇಕ ಕಡೆ ಇದೆ. ಇದರಲ್ಲಿ ಎಲ್ಲರಿಗೂ ನಷ್ಟ. ಕೆ.ಎಸ್.ಇ.ಬಿ.ಯ ಗೃಹಬಳಕೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ತಿಂಗಳಿಗೆ 250 ಯೂನಿಟಿನವರೆಗೆ ಮೊದಲ ಯೂನಿಟುಗಳಿಗೆ ಕಡಿಮೆ ದರ, ನಂತರದವುಗಳಿಗೆ ಹೆಚ್ಚು. 250 ದಾಟಿದರೆ ಮೆಟ್ಟಿಲೇ ಇಲ್ಲ, ಮೊದಲ ಯೂನಿಟಿನಿಂದಲೇ ಎಲ್ಲದಕ್ಕೂ ಮೇಲಿನ ದರ. ಒಂದೊಂದು ಬಾಗಿಲಿಗೆ 90 ಯೂನಿಟ್ ಸುಟ್ಟರೆ ಪ್ರತ್ಯೇಕ ಮೀಟರಿನಲ್ಲಿ ನಾಲ್ಕೂ ಕೆಳಗಿನ ಮೆಟ್ಟಿಲಿನಲ್ಲೇ ಇರುತ್ತವೆ. ಒಂದೇ ಮೀಟರಿನಲ್ಲಿ ಸೇರಿ 360 ಆಗಿ ಮೇಲಿನ ದರಕ್ಕೆ ಹೋಗುತ್ತದೆ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಗಡಿ 500 ಯೂನಿಟ್ ಎಂದು ನೆನಪಿಟ್ಟುಕೊಂಡರೆ ಸಾಕು. ನಾಲ್ಕು ಮೀಟರಿಗೆ ನಾಲ್ಕು ಸ್ಥಿರ ಶುಲ್ಕ ಬರುತ್ತದೆ, ಆದರೂ ಪ್ರತ್ಯೇಕ ಮೀಟರೇ ಲಾಭ. ಯಾರ ಫ್ಯಾನು ರಾತ್ರಿಯಿಡೀ ತಿರುಗಿತು ಎಂಬ ಪಂಚಾಯ್ತಿಕೆಯೂ ತಪ್ಪುತ್ತದೆ.

ಬಾಡಿಗೆಯವನು ಬಿಲ್ಲು ಕಟ್ಟದೆ ಹೋದರೆ ಅವನನ್ನು ಹುಡುಕಿಕೊಂಡು ಹೋಗುವುದು ವಿದ್ಯುತ್ ಮಂಡಳಿಯ ಕೆಲಸವಲ್ಲ. ಮೀಟರ್ ಮಾಲಕನ ಹೆಸರಿನಲ್ಲಿದ್ದರೆ ಬಾಕಿಯೂ ಮಾಲಕನದೇ. ಕಟ್ಟಡ ಮಾರಿದರೂ ಹಳೆಯ ಬಾಕಿ ಹಿಂಬಾಲಿಸಬಹುದು. ಹಿಂದಿನ ಮಾಲಕನ ಬಾಕಿಯನ್ನು ಹೊಸ ಮಾಲಕನಿಂದ ಕೇಳಬಹುದೆಂದು ಕೇರಳ ವಿದ್ಯುತ್ ಮಂಡಳಿಯೇ ಕಕ್ಷಿಯಾಗಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿದೆ. ಹಳೆಯ ಕ್ವಾರ್ಟರ್ಸ್ ಕೊಳ್ಳುವವರು ಆಧಾರದ ಜತೆಗೆ ಕೊನೆಯ ಕರೆಂಟ್ ಬಿಲ್ಲನ್ನೂ ಕೇಳಿ ನೋಡಬೇಕು.

ಕಸದ ವಿಷಯದಲ್ಲಿ ಕಾಲ ಬದಲಾಗಿದೆ. ಹಿಂದೆ ಹಿತ್ತಿಲಲ್ಲಿ ಪ್ಲಾಸ್ಟಿಕ್ ಸುಟ್ಟರೆ ಕೇಳುವವರಿರಲಿಲ್ಲ. ಈಗ ಜಿಲ್ಲಾ ಎನ್‌ಫೋರ್ಸ್‌ಮೆಂಟ್ ಸ್ಕ್ವಾಡ್ ಬಂದು ಕ್ವಾರ್ಟರ್ಸ್ ಮಾಲಕರಿಗೆ ದಂಡ ಹಾಕಿದ ಸುದ್ದಿ ಆಗಾಗ ಓದುತ್ತೇವೆ. ಎಸೆದದ್ದು ಬಾಡಿಗೆಯವನು, ದಂಡ ಮಾಲಕನಿಗೆ. ಹರಿತ ಕರ್ಮ ಸೇನೆಗೆ ಮನೆಯೊಂದಕ್ಕೆ ತಿಂಗಳಿಗೆ 50 ರೂ. ಕೊಟ್ಟು ರಸೀದಿ ಇಟ್ಟುಕೊಳ್ಳುವುದು ಆ ದಂಡದ ಎದುರು ಏನೇನೂ ಅಲ್ಲ. ಅದನ್ನು ಬಾಡಿಗೆಯಲ್ಲೇ ಸೇರಿಸಿ ಮಾಲಕನೇ ಕಟ್ಟುವುದು ಸುಲಭ ದಾರಿ.

ಇನ್ನು ಕಂದಾಯ. ಕಟ್ಟಡಕ್ಕೆ ಎರಡು ಬಗೆಯ ತೆರಿಗೆ ಇದೆಯೆಂಬುದು ಹಲವರಿಗೆ ಗೊಂದಲ. ಒಂದು, ಕಂದಾಯ ಇಲಾಖೆಗೆ ಒಮ್ಮೆ ಮಾತ್ರ ಕಟ್ಟುವುದು, 1975ರ ಕಟ್ಟಡ ತೆರಿಗೆ ಕಾನೂನಿನಂತೆ. ಇನ್ನೊಂದು, ಪಂಚಾಯತಿಗೆ ಪ್ರತಿ ಅರ್ಧ ವರ್ಷ ಕಟ್ಟುವುದು. ಎರಡನೆಯದು 2023ರ ಎಪ್ರಿಲಿನಿಂದ ವರ್ಷಕ್ಕೆ ಶೇ. 5ರಂತೆ ತಾನಾಗಿಯೇ ಏರುತ್ತಾ ಹೋಗುತ್ತಿದೆ. ಬಾಡಿಗೆಯನ್ನು ಐದು ವರ್ಷ ಏರಿಸದೆ ದಾಕ್ಷಿಣ್ಯ ಮಾಡುವವರು ಇದನ್ನು ಗಮನಿಸಬೇಕು. ಪರವಾನಿಗೆ ಇಲ್ಲದೆ ಹಿಂಬದಿಗೆ ಎರಡು ಕೋಣೆ ಸೇರಿಸಿದವರಿಗೆ ಅನಧಿಕೃತ ಎಂಬ ಗುರುತಿನ ನಂಬರು ಕೊಟ್ಟು ಮೂರು ಪಟ್ಟು ತೆರಿಗೆ ಹಾಕುವ ಅಧಿಕಾರ ಪಂಚಾಯತಿಗಿದೆ. ಪೇಟೆಯಲ್ಲಿ ಅಂಗಡಿ ಕೋಣೆ ಕೊಟ್ಟವರಿಗೆ ಇನ್ನೊಂದು ಮಾತು. 2024ರ ಅಕ್ಟೋಬರ್ 10ರಿಂದ ಜಿ.ಎಸ್.ಟಿ. ನೋಂದಣಿ ಇಲ್ಲದ ಮಾಲಕನ ಕೋಣೆಯಲ್ಲಿ ನೋಂದಣಿ ಇರುವ ವ್ಯಾಪಾರಿ ಕುಳಿತರೆ ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ವ್ಯಾಪಾರಿಯೇ ಕಟ್ಟಬೇಕು. ಕಾಂಪೊಸಿಶನ್ ಪದ್ಧತಿಯ ಸಣ್ಣ ವ್ಯಾಪಾರಿಗಳಿಗೆ 2025ರ ಜನವರಿಯಿಂದ ಇದರಲ್ಲಿ ವಿನಾಯಿತಿ ಇದೆ.

ಮಾತಿನ ಕರಾರು, ಕಾಗದದ ಕರಾರು

ತೆರಿಗೆ ನೋಟೀಸು ಮಲಯಾಳದಲ್ಲಿ ಬರುತ್ತದೆ, ಕರಾರುಪತ್ರ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಬಾಡಿಗೆಯವನು ಹಿಂದಿ ಮಾತಾಡುತ್ತಾನೆ, ಜಗಳ ಮಾತ್ರ ತುಳುವಿನಲ್ಲಿ ನಡೆಯುತ್ತದೆ. ಇಷ್ಟು ಭಾಷೆಯ ನಡುವೆ ಬಾಯಿಮಾತಿನ ಕರಾರು ಉಳಿಯುವುದಾದರೂ ಹೇಗೆ?

ಹನ್ನೊಂದು ತಿಂಗಳ ಕರಾರು ಬರೆಯುವ ರೂಢಿಗೆ ಕಾರಣವಿದೆ. ಒಂದು ವರ್ಷ ಮೀರಿದ ಗೇಣಿ ಬಾಡಿಗೆಗಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಹನ್ನೊಂದು ತಿಂಗಳಾದರೆ ಬೇಡ. ಆದರೆ ಹನ್ನೊಂದು ತಿಂಗಳು ಮುಗಿದೊಡನೆ ಬಾಡಿಗೆಯವನು ತಾನಾಗಿ ಹೊರಗೆ ಹೋಗಲೇಬೇಕೆಂದು ತಿಳಿಯುವುದು ತಪ್ಪು. ಮಾಲಕ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ತಿಂಗಳ ಬಾಡಿಗೆ ಸಂಬಂಧ ಮುಂದುವರಿಯುತ್ತದೆ. ಬೇರೆ ಕರಾರು ಇಲ್ಲದಿದ್ದಲ್ಲಿ ಬಿಡಿಸಲು 15 ದಿನದ ನೋಟೀಸು ಬೇಕು, ಬಿಡದಿದ್ದರೆ ಕೋರ್ಟಿನ ದಾರಿ. 1965ರ ಕೇರಳ ಬಾಡಿಗೆ ನಿಯಂತ್ರಣ ಕಾನೂನು ಸರಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಜಾರಿಯಲ್ಲಿದ್ದು, ಅಲ್ಲಿ ಬಾಡಿಗೆ ಬಾಕಿ, ಸ್ವಂತಕ್ಕೆ ಬೇಕು ಮೊದಲಾದ ನಿರ್ದಿಷ್ಟ ಕಾರಣವಿಲ್ಲದೆ ಬಿಡಿಸಲಾಗದು. ನಿಮ್ಮ ಕಟ್ಟಡ ಯಾವ ಕಡೆ ಬೀಳುತ್ತದೆಂದು ವಕೀಲರಲ್ಲಿ ಒಮ್ಮೆ ಕೇಳಿಟ್ಟುಕೊಳ್ಳಿ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡವೆನ್ನುವ 2021ರ ಕೇಂದ್ರದ ಮಾದರಿ ಬಾಡಿಗೆ ಕಾನೂನು ಮಾದರಿ ಮಾತ್ರ, ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡದೆ ಜಾರಿಯಾಗದು. ಎಲ್ಲಿದ್ದರೂ ಬೀಗ ಜಡಿಯುವುದು, ಸಾಮಾನು ಹೊರಗೆ ಹಾಕುವುದು, ನೀರು ನಿಲ್ಲಿಸುವುದು ಮಾಲಕನನ್ನೇ ಠಾಣೆಗೆ ಹತ್ತಿಸುವ ಕೆಲಸ.

ಬಾಡಿಗೆಯವರ ಗುರುತಿನ ಚೀಟಿಯ ಪ್ರತಿ ತೆಗೆದು ಠಾಣೆಗೆ ಮಾಹಿತಿ ಕೊಡುವುದನ್ನು ಉದಾಸೀನ ಮಾಡಬಾರದು. ಅತಿಥಿ ಕಾರ್ಮಿಕರಾದರೆ 2023ರಲ್ಲಿ ಕಾರ್ಮಿಕ ಇಲಾಖೆ ಆರಂಭಿಸಿದ ಅತಿಥಿ ಪೋರ್ಟಲಿನ ನೋಂದಣಿ ಆಗಿದೆಯೇ ನೋಡಿ. ಅದರಿಂದ ಅವರಿಗೂ ಅನುಕೂಲ. ಕೋಣೆ ಕೊಡುವ ದಿನ ಗೋಡೆ, ಕಕ್ಕಸು, ಸ್ವಿಚ್ ಬೋರ್ಡುಗಳ ನಾಲ್ಕು ಫೋಟೊ ಮೊಬೈಲಿನಲ್ಲಿ ತೆಗೆದು ಇಬ್ಬರಲ್ಲೂ ಇಟ್ಟುಕೊಂಡರೆ ಅಡ್ವಾನ್ಸ್ ಹಿಂದಿರುಗಿಸುವ ದಿನದ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಗಲ್ಫಿನಲ್ಲಿರುವ ಮಾಲಕರಿಗೆ

ಊರಿನಲ್ಲಿ ವಾಸವಿರುವ ಸಣ್ಣ ಮಾಲಕರಿಗೆ ಆದಾಯ ತೆರಿಗೆ ದೊಡ್ಡ ಹೊರೆಯಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬೀಳುವುದಿಲ್ಲ. ಆದರೆ ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ, ಅನಿವಾಸಿಗಳಿಗೆ ಇಲ್ಲ. ಸೀತಾಂಗೋಳಿಯ ಸುತ್ತಮುತ್ತ ಗಲ್ಫಿನ ಹಣದಲ್ಲಿ ಎದ್ದ ಕಟ್ಟಡಗಳು ಇರುವಷ್ಟರ ಮಟ್ಟಿಗೆ ಇದು ಚಿಕ್ಕ ವಿಷಯವಲ್ಲ.

ಮಾಲಕ ಅನಿವಾಸಿಯಾದರೆ ಬಾಡಿಗೆ ಕೊಡುವವನು ಮೂಲದಲ್ಲೇ ತೆರಿಗೆ ಕಡಿದು ಸರಕಾರಕ್ಕೆ ಕಟ್ಟಬೇಕು. ದರ ಸೆಸ್ ಸೇರಿ ಶೇ. 31.2. ನಿವಾಸಿ ಮಾಲಕನಿಗೆ ಇರುವಂತೆ ತಿಂಗಳಿಗೆ 50,000ದ ಮಿತಿ ಇದಕ್ಕಿಲ್ಲ, ಐದು ಸಾವಿರ ಬಾಡಿಗೆಗೂ ಇದೇ ನಿಯಮ. ಕೂಲಿ ಕೆಲಸದವನು ಕಡಿಯುವುದಿಲ್ಲ, ಅವನಿಗೆ ಗೊತ್ತೂ ಇಲ್ಲ. ಕಂಪೆನಿ, ಬ್ಯಾಂಕು, ಗುತ್ತಿಗೆದಾರ ಬಾಡಿಗೆಗೆ ತೆಗೆದುಕೊಂಡರೆ ಅವರ ಲೆಕ್ಕಪರಿಶೋಧಕ ಬಿಡುವುದಿಲ್ಲ. ನಮ್ಮ ಉದಾಹರಣೆಯ ಇಡೀ ಕಟ್ಟಡವನ್ನು 20,000ಕ್ಕೆ ಒಂದು ಕಂಪೆನಿ ತೆಗೆದುಕೊಂಡಿತೆನ್ನಿ. ತಿಂಗಳಿಗೆ 6,240 ಕಡಿದು ಕೈಗೆ ಬರುವುದು 13,760 ರೂ., ಬ್ಯಾಂಕಿನ ಕಂತಿಗೂ ಸಾಲದು.

ಈ ಹಣ ಹೋಗಿಯೇ ಬಿಟ್ಟಿತೆಂದಲ್ಲ. ಅದೇ ಉದಾಹರಣೆಯಲ್ಲಿ ಮೂವತ್ತು ಶೇಕಡಾ ಮತ್ತು ಸಾಲದ ಬಡ್ಡಿ ಕಳೆದರೆ ಮೊದಲ ವರ್ಷಗಳಲ್ಲಿ ತೆರಿಗೆ ಬೀಳುವ ಆದಾಯ ಅತ್ಯಲ್ಪ, ಬೇರೆ ಆದಾಯ ಭಾರತದಲ್ಲಿ ಇಲ್ಲದಿದ್ದರೆ ತೆರಿಗೆಯೇ ಇಲ್ಲ. ರಿಟರ್ನ್ ಸಲ್ಲಿಸಿದರೆ ಕಡಿದದ್ದು ಹಿಂದೆ ಬರುತ್ತದೆ, ಮೊದಲೇ ಅರ್ಜಿ ಹಾಕಿ ಕಡಿಮೆ ದರದ ಪ್ರಮಾಣಪತ್ರವನ್ನೂ ಪಡೆಯಬಹುದು. ಬಾಡಿಗೆ ಹಣ ಹೋಗಬೇಕಾದುದು ಎನ್.ಆರ್.ಒ. ಖಾತೆಗೆ. ಊರಿಗೆ ಬಂದು ನೆಲೆಸುವ ಯೋಚನೆಯಿಲ್ಲದೆ ಹಳೆಯ ಸಾಮಾನ್ಯ ಉಳಿತಾಯ ಖಾತೆಯನ್ನೇ ನಡೆಸುತ್ತಿರುವವರು ಮುಂದಿನ ರಜೆಯಲ್ಲಿ ಬಂದಾಗ ಬ್ಯಾಂಕಿಗೆ ಹೋಗಿ ಬದಲಿಸಿಕೊಳ್ಳಬೇಕು.

ಹೆಂಡತಿಯ ಹೆಸರಿಗೆ ಬರೆದರೆ ಇದೆಲ್ಲ ತಪ್ಪುತ್ತದೆಂದು ಸಲಹೆ ಕೊಡುವವರು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಂಡ ಬೆಲೆ ತೆಗೆದುಕೊಳ್ಳದೆ ಹೆಂಡತಿಗೆ ಕೊಟ್ಟ ಮನೆಯ ಬಾಡಿಗೆ ತೆರಿಗೆಯ ಲೆಕ್ಕದಲ್ಲಿ ಗಂಡನದೇ ಆಗುತ್ತದೆ. ಊರಿನಲ್ಲಿರುವ ತಂದೆಗೋ ತಾಯಿಗೋ ದಾನವಾಗಿ ಕೊಟ್ಟರೆ ಆ ತೊಡಕಿಲ್ಲ. ಅಲ್ಲಿ ಬೇರೆ ತೊಡಕು: ಮುಂದೆ ಪಾಲಿನ ಸಮಯದಲ್ಲಿ ಆ ನಾಲ್ಕು ಬಾಗಿಲಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಹಕ್ಕುದಾರರು. ದಾನಪತ್ರ ಬರೆಸುವ ಮೊದಲು ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಅದನ್ನು ಮಾತಾಡಿಕೊಳ್ಳಬೇಕು.